ತರಕಾರಿ ವ್ಯಾಪಾರಿ ಕಾಲು ಕಳ್ಕೊಂಡ ಕೇಸು: ಪರಿಹಾರದ ಲೆಕ್ಕ ಎಲ್ಲಿ ತಿರುಗ್ತು

ನಮ್ಮ ಕರ್ನಾಟಕದ್ದೇ ಕೇಸು ಇದು. 2008ರಲ್ಲಿ ಆದ ರಸ್ತೆ ಅಪಘಾತ, ಗಾಯಾಳು 24 ವರ್ಷದ ಹುಡುಗ, ಹೊಟ್ಟೆಪಾಡಿಗೆ ತರಕಾರಿ ವ್ಯಾಪಾರ. ಆಸ್ಪತ್ರೇಲಿ ಕಾಲು ತೆಗೀಬೇಕಾಯ್ತು. ಕ್ಲೇಮ್ ಟ್ರಿಬ್ಯುನಲ್‌ಗೆ ಹೋಯ್ತು, ಅಲ್ಲಿಂದ ಹೈಕೋರ್ಟ್, ಅಲ್ಲೂ ಸಮಾಧಾನ ಆಗದೆ ಸುಪ್ರೀಂ ಕೋರ್ಟ್, ಅಲ್ಲಿ 2014ರ ಜನವರಿಯಲ್ಲಿ ತೀರ್ಪು ಬಂತು. ಹೆಸರು ಹಾಕಲ್ಲ, ಅವನ ಪಾಡಿಗೆ ಅವನಿರ್ಲಿ. ಎಂವಿಸಿ (ಮೋಟಾರು ಅಪಘಾತ ಪರಿಹಾರದ) ಕೇಸ್ ಮಾಡೋ ಯಾವ ವಕೀಲರ ಹತ್ರ ಹೋಗಿ "2014ರ ತರಕಾರಿ ವ್ಯಾಪಾರಿ ಜಡ್ಜ್‌ಮೆಂಟು" ಅಂದ್ರೂ ಕಪಾಟಿಂದ ತೆಗೆದು ಕೊಡ್ತಾರೆ.

ಇದಕ್ಕಿಂತ ದೊಡ್ಡ ಮೊತ್ತದ ಕೇಸ್‌ಗಳು ಬೇಕಾದಷ್ಟಿವೆ, ಕೋಟಿ ದಾಟಿದ್ದೂ ಇದೆ. ಆದ್ರೂ ಇದನ್ನೇ ಬರೀತಿರೋದು ಯಾಕಂದ್ರೆ ನಾನು ಕೆಲ್ಸ ಮಾಡೋ ವಕೀಲರ ಆಫೀಸಿಗೆ ಬರೋರಲ್ಲಿ ಸಂಬಳದ ಸ್ಲಿಪ್ ಇರೋರು ತೀರಾ ಕಮ್ಮಿ. ಗಾರೆ ಕೆಲ್ಸದೋರು, ಹೂ ಮಾರೋರು, ಮನೆಮನೆಗೆ ಹಾಲು ಹಾಕೋರು, ಟೈಲ್ಸ್ ಹಾಕೋರು, ಎಳನೀರು ಗಾಡಿಯೋರು. ಇವ್ರೆಲ್ಲರ ಕೇಸೂ ಕೊನೆಗೆ ನಿಲ್ಲೋದು ಎರಡೇ ಪ್ರಶ್ನೆ ಮೇಲೆ, ತಿಂಗಳಿಗೆ ಎಷ್ಟು ದುಡೀತಿದ್ದೆ, ಈ ಗಾಯದಿಂದ ನಿನ್ನ ದುಡಿಮೆ ಎಷ್ಟು ಹೋಯ್ತು. ಈ ಎರಡು ಜಾಗದಲ್ಲಿ ಯಾವ ಅಂಕಿ ಕೂರುತ್ತೋ ಅದರ ಮೇಲೆ ಪೂರ್ತಿ ಪರಿಹಾರ, ಮಿಕ್ಕಿದ್ದೆಲ್ಲ ಅಕ್ಕಪಕ್ಕದ್ದು. ಆ ಎರಡೂ ಅಂಕಿ ಒಬ್ಬ ಬಡವನ ಕೆಲ್ಸನ ಜಡ್ಜ್ ಹೇಗೆ ಕಲ್ಪಿಸಿಕೊಳ್ತಾರೆ ಅನ್ನೋದರ ಮೇಲೆ ನಿಂತಿರುತ್ತೆ ಅನ್ನೋದು ಈ ತೀರ್ಪು ಓದಿದಾಗ ಚೆನ್ನಾಗಿ ಗೊತ್ತಾಗುತ್ತೆ.

ಮೊದ್ಲು ದಾರಿ ಸ್ವಲ್ಪ ಹೇಳ್ಬಿಡ್ತೀನಿ, ಗೊತ್ತಿರೋರು ದಾಟ್ಕೊಂಡು ಹೋಗಿ. ರಸ್ತೆ ಅಪಘಾತದಲ್ಲಿ ಗಾಯ ಆದೋರು ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕ್ತಾರೆ. ಅಪಘಾತ ಆದ ಜಾಗದಲ್ಲೇ ಹಾಕ್ಬೇಕು ಅಂತೇನಿಲ್ಲ, ತಾವಿರೋ ಊರಿನ ಟ್ರಿಬ್ಯುನಲ್‌ನಲ್ಲೂ ಹಾಕ್ಬೋದು. ಬೆಂಗ್ಳೂರಲ್ಲಾದ್ರೆ ಸ್ಮಾಲ್ ಕಾಸಸ್ ಕೋರ್ಟಿನ ಜಡ್ಜ್‌ಗಳೇ ಇದನ್ನ ನೋಡ್ತಾರೆ, ಜಿಲ್ಲೆ ತಾಲ್ಲೂಕಲ್ಲಿ ಸಿವಿಲ್ ಅಥ್ವಾ ಜಿಲ್ಲಾ ನ್ಯಾಯಾಧೀಶರು. ಎದುರು ಪಾರ್ಟಿ ವಾಹನದ ಮಾಲೀಕ, ಅವನ ಜೊತೆ ಇನ್ಶೂರೆನ್ಸ್ ಕಂಪನಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರೋದೇ ಇದಕ್ಕೆ, ಗುದ್ದಿದೋನ ಹತ್ರ ಕಾಸಿಲ್ಲದಿದ್ರೂ ಗಾಯಾಳುವಿಗೆ ದುಡ್ಡು ಸಿಗ್ಲಿ ಅಂತ. ಟ್ರಿಬ್ಯುನಲ್ ಕೊಟ್ಟ ಅವಾರ್ಡ್ (ಪರಿಹಾರದ ಆದೇಶ) ಸಾಲ್ದು ಅನ್ಸಿದ್ರೆ ಹೈಕೋರ್ಟಲ್ಲಿ ಎಂಎಫ್‌ಎ, ಅಂದ್ರೆ ಮೇಲ್ಮನವಿ, ಹಾಕೋದು. ಮುಕ್ಕಾಲು ಪಾಲು ಜನ ಅಲ್ಲಿಗೇ ನಿಲ್ಲಿಸ್ತಾರೆ, ದಿಲ್ಲಿಗೆ ಹೋಗೋ ಶಕ್ತಿ ಯಾರಿಗಿರುತ್ತೆ. ಈ ಹುಡುಗ ಹೋದ.

ಯಾವ್ಯಾವ ಬಾಬ್ತಿಗೆ ದುಡ್ಡು ಕೊಡ್ಬೇಕು ಅನ್ನೋದನ್ನ 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಕೇಸಲ್ಲಿ ಬಿಡಿಸಿ ಬರೆದಿತ್ತು, ಬರೆದೋರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಅವರೂ ಮುಂಚೆ ಕರ್ನಾಟಕ ಹೈಕೋರ್ಟಲ್ಲಿ ಇದ್ದೋರೇ. ಆಸ್ಪತ್ರೆ ಖರ್ಚು, ಔಷಧಿ, ಓಡಾಟ, ಒಳ್ಳೆ ಊಟ ಇವೆಲ್ಲ ಒಂದು ಗುಂಪು. ಮಲಗಿದ್ದ ತಿಂಗಳುಗಳಲ್ಲಿ ಹೋದ ದುಡಿಮೆ, ಮುಂದೆ ಜೀವನಪೂರ್ತಿ ಕಮ್ಮಿಯಾಗೋ ದುಡಿಮೆ, ಮುಂದಿನ ಚಿಕಿತ್ಸೆ ಖರ್ಚು. ಆಮೇಲೆ ಲೆಕ್ಕಕ್ಕೆ ಸಿಗದೇ ಇರೋದು, ನೋವು ಸಂಕಟ, ಜೀವನದ ಸುಖ ಸಂತೋಷ ಹೋಗಿದ್ದು, ಮದುವೆ ಆಗೋದು ಕಷ್ಟ ಆಗೋದೂ ಇದರಲ್ಲೇ ಬರುತ್ತೆ. ಸಣ್ಣಪುಟ್ಟ ಗಾಯಕ್ಕೆ ಇದ್ರಲ್ಲಿ ಒಂದೆರಡು ಬಾಬ್ತು ಸಾಕು, ಮಿಕ್ಕಿದ್ದು ಗಾಯ ದೊಡ್ಡದಿದ್ದು ಮೆಡಿಕಲ್ ಸಾಕ್ಷಿ ಗಟ್ಟಿ ಇದ್ರೆ ಮಾತ್ರ ಅಂತಾನೂ ಆ ತೀರ್ಪಲ್ಲೇ ಇದೆ. ಕಾಲು ಹೋದಂಥ ಕೇಸಲ್ಲಿ ದೊಡ್ಡ ಗಂಟು ಇರೋದು ಒಂದೇ ಕಡೆ, ಮುಂದಿನ ದುಡಿಮೆ ನಷ್ಟದಲ್ಲಿ. ಅದಕ್ಕೆ ಇಲ್ಲೂ ಅಲ್ಲೇ ನಿಲ್ತೀನಿ.

ಈಗ ಆ ಹುಡುಗನ ಆದಾಯದ ವಿಷಯ. ಅವನು ಹೇಳಿದ್ದು ತಿಂಗಳಿಗೆ 10,000 ದುಡೀತಿದ್ದೆ ಅಂತ. ಹೈಕೋರ್ಟ್ ತಗೊಂಡಿದ್ದು 3,500. ಕಾರಣ? ಯಾವ ದಾಖಲೆನೂ ಕೊಟ್ಟಿಲ್ಲ. ಅಷ್ಟೇ.

ಇದು ಹೇಗಾಗುತ್ತೆ ಅಂತ ಒಳಗಿನಿಂದ ಹೇಳ್ತೀನಿ. ನಮ್ಮಂಥ ಆಫೀಸುಗಳಲ್ಲಿ ಅರ್ಜಿಗೆ, ಮುಖ್ಯ ವಿಚಾರಣೆಯ ಅಫಿಡವಿಟ್‌ಗೆ ಒಂದು ರೆಡಿ ಫೈಲ್ ಇರುತ್ತೆ. "ಅಪಘಾತಕ್ಕೆ ಮುಂಚೆ ನಾನು ಆರೋಗ್ಯವಂತನಾಗಿದ್ದು ತಿಂಗಳಿಗೆ ರೂ. ಇಷ್ಟು ಸಂಪಾದಿಸುತ್ತಿದ್ದೆ" ಅಂತ ಒಂದು ಸಾಲು, ಅದ್ರಲ್ಲಿ ಹೆಸರು ವಯಸ್ಸು ಅಂಕಿ ಬದಲಾಯಿಸೋದು, ಪ್ರಿಂಟ್ ತೆಗೆಯೋದು, ಸಹಿ ಹಾಕ್ಸೋದು. ಕೆಲ್ಸ ಏನು ಅನ್ನೋದಕ್ಕೆ "ಕೂಲಿ" ಅಥ್ವಾ "ವ್ಯಾಪಾರ" ಅಂತ ಒಂದೇ ಪದ. ಆಮೇಲೆ ಪಾಟೀ ಸವಾಲಿನ ದಿನ ಕಂಪನಿ ಕಡೆ ವಕೀಲರು ಎದ್ದು ನಿಂತು ಕೇಳೋದು ಯಾವಾಗ್ಲೂ ಅದೇ, ನಿಮ್ಮ ಆದಾಯಕ್ಕೆ ದಾಖಲೆ ಕೊಟ್ಟಿದ್ದೀರಾ, ಇಲ್ಲ. ಇನ್‌ಕಮ್ ಟ್ಯಾಕ್ಸ್ ಕಟ್ತೀರಾ, ಇಲ್ಲ. ಲೈಸೆನ್ಸ್ ಇದೆಯಾ, ಇಲ್ಲ. ಡೆಪೊಸಿಷನ್‌ನಲ್ಲಿ ಟೈಪ್ ಆಗೋದು: "ನನ್ನ ಆದಾಯದ ಬಗ್ಗೆ ಯಾವುದೇ ದಾಖಲೆ ಹಾಜರುಪಡಿಸಿಲ್ಲ ಎಂದರೆ ಸರಿ. ಹೆಚ್ಚಿನ ಪರಿಹಾರ ಪಡೆಯಲು ಸುಳ್ಳು ಆದಾಯ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ಐದು ನಿಮಿಷದಲ್ಲಿ ಮುಗೀತು. ಫೈಲಲ್ಲಿ ನೋಡಿದ್ರೆ ಆ ಮನುಷ್ಯ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿದ್ದ, ಎಷ್ಟು ಮೂಟೆ ಹೊರ್ತಿದ್ದ, ಯಾವ ರೋಡಲ್ಲಿ ಗಾಡಿ ತಳ್ತಿದ್ದ ಅನ್ನೋದು ಒಂದಕ್ಷರ ಇರಲ್ಲ. ಜಡ್ಜ್ ಮುಂದೆ ಇರೋದು ಒಂದು ಖಾಲಿ ಜಾಗ, ಅದನ್ನ ಅವರು ತಮಗೆ ತೋಚಿದ ಅಂಕಿಯಿಂದ ತುಂಬ್ತಾರೆ, ಆ ಅಂಕಿ ಯಾವತ್ತೂ ಮೇಲಕ್ಕೆ ತೋಚಲ್ಲ.

ಸುಪ್ರೀಂ ಕೋರ್ಟಲ್ಲಿ ಈ ತೀರ್ಪು ಬರೆದಿದ್ದು ನ್ಯಾಯಮೂರ್ತಿ ವಿ. ಗೋಪಾಲಗೌಡ, ಅವರೂ ನಮ್ಮ ಹೈಕೋರ್ಟಿಂದ ಮೇಲೆ ಹೋದೋರು. ಅಸಂಘಟಿತ ವಲಯದಲ್ಲಿ ಸ್ವಂತ ದುಡಿಮೆ ಮಾಡ್ಕೊಂಡಿರೋ ಒಬ್ಬ ಶ್ರಮಿಕ ತಿಂಗಳ ಆದಾಯಕ್ಕೆ ದಾಖಲೆ ತರ್ಬೇಕು ಅಂತ ನಿರೀಕ್ಷೆ ಮಾಡೋದು ನಮಗೆ ಒಪ್ಪೋಕೇ ಕಷ್ಟ ಆಗ್ತಿದೆ ಅನ್ನೋ ಅರ್ಥದ ಮಾತು ಅಲ್ಲಿದೆ. ಈ ಕೇಸಲ್ಲಿ ಟ್ರಿಬ್ಯುನಲ್ ಆಗ್ಲಿ ಹೈಕೋರ್ಟ್ ಆಗ್ಲಿ ಆದಾಯಕ್ಕೆ ಸಾಕ್ಷಿ ಕೇಳೋ ಅಗತ್ಯನೇ ಇರ್ಲಿಲ್ಲ ಅಂತಾನೂ ಇದೆ. ಅದಕ್ಕೆ ಬೆಂಬಲವಾಗಿ ತಗೊಂಡಿದ್ದು 2011ರ ಇನ್ನೊಂದು ಕರ್ನಾಟಕದ್ದೇ ಕೇಸು, ಅದ್ರಲ್ಲಿ 2004ರಲ್ಲಿ ಗಾಯಗೊಂಡ ಒಬ್ಬ ಕೂಲಿಯವನು ತಿಂಗಳಿಗೆ 4,500 ಅಂದಿದ್ದ, ಟ್ರಿಬ್ಯುನಲ್ 3,000ಕ್ಕೆ ಇಳಿಸಿತ್ತು, ಸುಪ್ರೀಂ ಕೋರ್ಟ್ ಆಗಿನ ಕೂಲಿ ದಿನಕ್ಕೆ 100ರಿಂದ 150 ಇತ್ತಲ್ವಾ ಅಂತ ಲೆಕ್ಕ ಹಾಕಿ 4,500 ಒಪ್ಕೊಂಡಿತ್ತು. ಅವನು ಕೇಳಿದ್ದು ಉತ್ಪ್ರೇಕ್ಷೆ ಅಲ್ಲ ಅಂತಾದ್ರೆ ಸುಮ್ನೆ ಕಡಿತ ಮಾಡ್ಬೇಡಿ ಅನ್ನೋ ತತ್ವ ಅದು. ಹಾಗಂತ ಯಾರು ಏನು ಕೇಳಿದ್ರೂ ಕಣ್ಮುಚ್ಚಿ ಕೊಡಿ ಅಂತ ಅಲ್ಲ, ಅತಿ ಆದ್ರೆ ಇಳಿಸ್ಬೋದು ಅಂತಾನೂ ಆ ತೀರ್ಪು ಹೇಳುತ್ತೆ.

ನಮ್ಮ ಹುಡುಗನಿಗೆ ಕೋರ್ಟ್ ತಗೊಂಡಿದ್ದು 6,500. ಈಗಿನ ಆರ್ಥಿಕ ಪರಿಸ್ಥಿತಿ, ಕೃಷಿ ಉತ್ಪನ್ನಗಳ ಏರ್ತಿರೋ ಬೆಲೆ ನೋಡಿದ್ರೆ ಒಬ್ಬ ತರಕಾರಿ ವ್ಯಾಪಾರಿ ಅಷ್ಟು ದುಡೀಬಲ್ಲ ಅಂತ. ಇಲ್ಲಿ ನಂಗೆ ಸ್ವಲ್ಪ ತಕರಾರಿದೆ. 10,000 ಯಾಕೆ ಅತಿ, 6,500 ಯಾಕೆ ಸರಿ ಅನ್ನೋದಕ್ಕೆ ಅಲ್ಲಿ ಲೆಕ್ಕ ಇಲ್ಲ. ತರಕಾರಿ ರೇಟ್ ಏರಿದ್ರೆ ಮಾರೋನ ಲಾಭ ಏರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ, ಮಂಡೀಲಿ ಟೊಮೆಟೊ ಬಾಕ್ಸ್ ಏರಿದ ದಿನ ಗಾಡಿಯೋನ ಬಂಡವಾಳನೂ ಏರುತ್ತೆ, ತಗೊಳ್ಳೋರು ಒಂದು ಕೆಜಿ ಬದ್ಲು ಅರ್ಧ ಕೆಜಿ ತಗೋತಾರೆ. ಆದ್ರೂ ದಾಖಲೆ ಇಲ್ಲ ಅಂದಾಗ ಕೆಳಗೆ ಊಹೆ ಮಾಡೋ ಬದ್ಲು ಸಂತೆ ಕಡೆ ಕಣ್ಣು ಹಾಯಿಸಿ ಊಹೆ ಮಾಡಿದ್ರಲ್ಲ, ಅದು ದೊಡ್ಡದು.

ಎರಡನೇ ಪ್ರಶ್ನೆ ಕಾಲಿಂದು. ಡಾಕ್ಟರ್ ಊನ 85 ಪರ್ಸೆಂಟ್ ಅಂದಿದ್ರು, ಹುಡುಗನೂ ಅಷ್ಟನ್ನೇ ಕೇಳ್ತಿದ್ದ, ಹೈಕೋರ್ಟ್ ಅಷ್ಟು ಕೊಟ್ಟಿರ್ಲಿಲ್ಲ. ತರಕಾರಿ ಮಾರೋನು ಒಂದ್ ಕಡೆ ಕೂತ್ಕೊಂಡು ಮಾರ್ಬೋದಲ್ವಾ, ಅದಕ್ಕೆ ಕಾಲು ಯಾಕೆ? ಕೇಳೋಕೆ ಸರಿ ಅನ್ಸುತ್ತೆ. ಸುಪ್ರೀಂ ಕೋರ್ಟ್ ತೀರ್ಪೂ ಇದನ್ನ ಮೊದ್ಲು ಒಪ್ಕೊಂಡೇ ಶುರು ಮಾಡುತ್ತೆ, ಹೌದಪ್ಪ, ಒಂದೇ ಜಾಗದಲ್ಲಿ ಕೂತು ಮಾರೋನಾದ್ರೆ ಅಷ್ಟು ಓಡಾಟ ಬೇಡದೇ ಇರ್ಬೋದು. ಆದ್ರೆ ತರಕಾರಿ ವ್ಯಾಪಾರ ಅಂದ್ರೆ ಮಾರೋದೊಂದೇ ಅಲ್ಲ, ಹೋಲ್‌ಸೇಲ್ ಮಾರ್ಕೆಟ್ಟಿಂದಲೋ ರೈತರ ಹತ್ರದಿಂದಲೋ ತರ್ಬೇಕು, ತಂದು ಚಿಲ್ಲರೆಯಾಗಿ ಮಾರ್ಬೇಕು, ಎಷ್ಟೋ ಸಲ ಗಾಡಿ ತಳ್ಕೊಂಡು ಹೋಗ್ಬೇಕು, ಅದಕ್ಕೆ ನೂರಕ್ಕೆ ನೂರು ಓಡಾಡೋ ಶಕ್ತಿ ಬೇಕು. ಕೂತೇ ಮಾರ್ತಾನೆ ಅಂತ ಇಟ್ಕೊಂಡ್ರೂ ಆ ಜಾಗಕ್ಕೆ ತರಕಾರಿ ತಂದು ಹಾಕೋಕೆ ಇನ್ನೊಬ್ರ ಸಹಾಯ ಬೇಕೇ ಬೇಕು ಅಂತ ತೀರ್ಪು ಮುಂದುವರಿಯುತ್ತೆ.

ಈ ಪ್ಯಾರಾ ಓದೋವಾಗ ಯಾರೋ ಎಪಿಎಂಸಿ ಯಾರ್ಡಲ್ಲಿ ಬೆಳಗಿನ ಜಾವ ನಿಂತು ನೋಡಿದ್ದಾರೆ ಅನ್ಸುತ್ತೆ. ನೋಡಿದೋರಿಗೆ ಗೊತ್ತು, ಇನ್ನೂ ಕತ್ಲೆ ಇರೋವಾಗ್ಲೇ ಹರಾಜು, ಕೆಸರಲ್ಲಿ ಎಲೆಕೋಸಿನ ಸಿಪ್ಪೆ ಮೇಲೆ ಕಾಲಿಡ್ತಾ ಹೋಗ್ಬೇಕು, ಮೂಟೆ ಹಿಡಿದು ನೋಡ್ಬೇಕು, ಕೊಳೆತದ್ದು ಅಡಿಯಲ್ಲಿಟ್ಟು ಕಟ್ಟಿರ್ತಾರೆ ಅದನ್ನ ಬಿಚ್ಚಿಸ್ಬೇಕು, ಪಕ್ಕದ ಲೈನಲ್ಲಿ ಎರಡು ರೂಪಾಯಿ ಕಮ್ಮಿಗೆ ಕೊಡ್ತಿದ್ದಾರೆ ಅಂದ್ರೆ ಅಲ್ಲಿಗೆ ಓಡ್ಬೇಕು, ಆಮೇಲೆ ಲಗೇಜ್ ಆಟೋಗೆ ಏರಿಸ್ಬೇಕು. ಲಾಭ ಹುಟ್ಟೋದು ಅಲ್ಲಿ, ಮಧ್ಯಾಹ್ನ ಛತ್ರಿ ಕೆಳಗೆ ಕೂತಾಗ ಅಲ್ಲ. ಒಂದು ಕಾಲಲ್ಲಿ ಊರುಗೋಲು ಹಿಡ್ಕೊಂಡು ಹೋದೋನಿಗೆ ಬೇರೆಯೋರು ಆರಿಸಿ ಬಿಟ್ಟಿದ್ದೇ ಸಿಗೋದು, ಅದೂ ಹಮಾಲಿಗೆ ದುಡ್ಡು ಕೊಟ್ಟು. ಸಂಜೆ ಗಿರಾಕಿ ಮಾತ್ರ ಇವನನ್ನ ನೋಡೋದು ಕೂತಿರೋ ಹಾಗೆ, ಅದಕ್ಕೆ ಕೂತು ಮಾಡೋ ಕೆಲ್ಸ ಅನ್ಸುತ್ತೆ.

ಮೈಕೈ ಬಳಸಿ ದುಡಿಯೋರ ಕೇಸಲ್ಲಿ ಕೋರ್ಟುಗಳು ಸೂಕ್ಷ್ಮವಾಗಿರ್ಬೇಕು, ಅವರಿಗೆ ಒಂದು ಅಂಗ ಹೋಗೋದು ಅಂದ್ರೆ ಎಷ್ಟೋ ಸಲ ಜೀವನೋಪಾಯನೇ ಹೋದ ಹಾಗೆ ಅಂತ ತೀರ್ಪಲ್ಲಿದೆ. ಆಮೇಲೆ, ಮಾರ್ಕೆಟ್ ಜಾಗಕ್ಕೆ ಯಾರಾದ್ರೂ ಕರ್ಕೊಂಡು ಬಂದು ಕೂರಿಸಿದ್ರೆ ಸ್ವಲ್ಪ ದುಡ್ಕೋಬಲ್ಲ ಅನ್ನೋ ಕಾರಣಕ್ಕೆ ನೂರು ಕೊಡದೆ 85ಕ್ಕೆ ನಿಲ್ಲಿಸಿದ್ರು. ಆ ಹದಿನೈದು ಪರ್ಸೆಂಟ್ ಅಂದ್ರೆ ಕೂತು ಮಾರೋ ಭಾಗ. ದಿನಾ ಕರ್ಕೊಂಡು ಬಂದು ಕೂರ್ಸೋರು ಯಾರು, ಅವರ ದಿನದ ಕೂಲಿ ಏನಾಗುತ್ತೆ ಅಂತ ಯಾರೂ ಕೇಳಿಲ್ಲ, ಬಹುಶಃ ಹೆಂಡತಿನೋ ಅಣ್ಣನೋ ಅಂತ ಎಲ್ರೂ ಮನಸ್ಸಲ್ಲೇ ಅಂದ್ಕೊಂಡಿರ್ತಾರೆ. ಇದು ಈ ಕೇಸಿಂದು ಮಾತ್ರ ಅಲ್ಲ, ಮನೆಯೋರು ಮಾಡೋ ಸೇವೆಗೆ ನಮ್ಮ ಅವಾರ್ಡುಗಳಲ್ಲಿ ಇವತ್ತಿಗೂ ಸಿಗೋದು ಕಮ್ಮಿನೇ.

ಡಾಕ್ಟರ್ ಕೊಡೋ ಪರ್ಸೆಂಟ್ ಬೇರೆ, ದುಡಿಮೆ ನಷ್ಟದ ಪರ್ಸೆಂಟ್ ಬೇರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸರ್ಟಿಫಿಕೇಟಲ್ಲಿ 60 ಅಂತಿದ್ರೆ 60 ಪರ್ಸೆಂಟ್ ದುಡ್ಡು ಬರುತ್ತೆ ಅಂತ ಕಾಯ್ಕೊಂಡಿರ್ತಾರೆ, ಅವಾರ್ಡ್ ನೋಡಿ ಕುಸಿದು ಹೋಗ್ತಾರೆ. ನಮ್ಮ ಟ್ರಿಬ್ಯುನಲ್‌ಗಳಲ್ಲಿ ಒಂದು ರೂಢಿ ಇದೆ, ಕೈಯೋ ಕಾಲೋ ಅದರ ಊನ ಎಷ್ಟಿದೆಯೋ ಅದರ ಮೂರನೇ ಒಂದು ಭಾಗನ ಇಡೀ ದೇಹದ ಊನ ಅಂತ ತಗೊಳ್ಳೋದು, 60 ಇದ್ರೆ 20. ಮುರಿದ ಮೂಳೆ ಕೂಡ್ಕೊಂಡು ಸ್ವಲ್ಪ ಬಾಗೋದು ಕಮ್ಮಿ ಆಗಿದೆ ಅನ್ನೋ ಕೇಸಿಗೆ ಇದು ನ್ಯಾಯನೇ ಇರ್ಬೋದು. ಕಾಲೇ ಇಲ್ಲದೋನಿಗೆ ಇದೇ ಭಾಗಾಕಾರ ಹಾಕಿದ್ರೆ ಅನ್ಯಾಯ. 2010ರ ತೀರ್ಪಲ್ಲಿ ರವೀಂದ್ರನ್ ಕೊಟ್ಟ ಉದಾಹರಣೆ ಎಲ್ಲ ವಕೀಲರಿಗೂ ಬಾಯಿಪಾಠ: ಎಡಗೈ ಹೋದೋನು ಡ್ರೈವರ್ರೋ ಬಡಗಿಯೋ ಆದ್ರೆ ಅವನ ದುಡಿಮೆ ಹೆಚ್ಚುಕಮ್ಮಿ ನೂರಕ್ಕೆ ನೂರು ಹೋಯ್ತು, ಅದೇ ಸರ್ಕಾರಿ ಗುಮಾಸ್ತ ಆದ್ರೆ ಕೆಲ್ಸ ಹೋಗದೇ ಇರ್ಬೋದು, ಸಂಬಳ ಬರ್ತಾನೇ ಇರ್ಬೋದು. ಗಾಯ ಒಂದೇ, ಊನ ಒಂದೇ, ನಷ್ಟ ಬೇರೆ. ಚಿಕಿತ್ಸೆ ಕೊಡದೇ ಇರೋ ಡಾಕ್ಟರ್‌ಗಳಿಂದ ಬರೋ ರೆಡಿಮೇಡ್ ಸರ್ಟಿಫಿಕೇಟ್ ಬಗ್ಗೆ ಟ್ರಿಬ್ಯುನಲ್ ಹುಷಾರಾಗಿರ್ಬೇಕು ಅಂತಾನೂ ಅಲ್ಲಿ ಎಚ್ಚರಿಕೆ ಇದೆ, ಅದು ಯಾಕೆ ಬರೆದ್ರು ಅಂತ ಈ ಫೀಲ್ಡಲ್ಲಿ ಇರೋರಿಗೆ ವಿವರಿಸೋದು ಬೇಡ.

ಈಗ ಲೆಕ್ಕ. 6,500ಕ್ಕೆ ಭವಿಷ್ಯದಲ್ಲಿ ದುಡಿಮೆ ಏರುತ್ತೆ ಅಂತ ಅರ್ಧ ಸೇರಿಸಿದ್ರು, ಅಂದ್ರೆ 3,250. ಒಟ್ಟು 9,750. ವರ್ಷಕ್ಕೆ 1,17,000. ವಯಸ್ಸು 24ಕ್ಕೆ ಗುಣಕ (ವರ್ಷದ ಆದಾಯನ ಎಷ್ಟರಿಂದ ಗುಣಿಸ್ಬೇಕು ಅನ್ನೋ ಅಂಕಿ) 18, ಇದು 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಾಡಿಕೊಟ್ಟ ಟೇಬಲ್ ಪ್ರಕಾರ, ಅದನ್ನೂ ಬರೆದಿದ್ದು ಅದೇ ರವೀಂದ್ರನ್, 15ರಿಂದ 25 ವರ್ಷದೋರಿಗೆ 18 ಇರೋದು ವಯಸ್ಸು ಏರ್ತಾ ಹೋದ ಹಾಗೆ ಇಳೀತಾ 65 ದಾಟಿದೋರಿಗೆ 5ಕ್ಕೆ ಬರುತ್ತೆ. 18ರಿಂದ ಗುಣಿಸಿದ್ರೆ 21,06,000. ಅದರ 85 ಪರ್ಸೆಂಟು 17,90,100. ಮುಂದಿನ ದುಡಿಮೆ ನಷ್ಟ ಅನ್ನೋ ಒಂದೇ ಬಾಬ್ತಿಗೆ ಇಷ್ಟು, ನೋವು ಸಂಕಟ ಆಸ್ಪತ್ರೆ ಖರ್ಚು ಎಲ್ಲ ಇದರ ಮೇಲೆ.

ಇದೇ ಹುಡುಗನಿಗೆ 85 ಪರ್ಸೆಂಟನ್ನೇ ಇಟ್ಟು ಆದಾಯ ಮಾತ್ರ 3,500 ತಗೊಂಡು, ಭವಿಷ್ಯದ ಏರಿಕೆ ಬಿಟ್ಟು ಲೆಕ್ಕ ಹಾಕಿ ನೋಡಿ. 6,42,600. ಅಥ್ವಾ ಆದಾಯ 6,500, ಏರಿಕೆ ಎಲ್ಲ ಕೊಟ್ಟು, ಊನಕ್ಕೆ ಮಾತ್ರ ಮೂರನೇ ಒಂದು ಭಾಗದ ರೂಢಿ ಹಾಕಿ 85ರ ಬದ್ಲು 28 ಅಂತಿಟ್ರೆ 5,89,680. ಕಾಲು ಅದೇ, ಹುಡುಗ ಅದೇ, ವಾಹನ ಅದೇ. ಲಕ್ಷಗಳು ಹೋಗೋದು ಬರೋದು ಆ ಎರಡು ಖಾನೆಯಲ್ಲಿ.

2017ರ ಅಕ್ಟೋಬರ್‌ನಲ್ಲಿ ಐದು ಜಡ್ಜ್‌ಗಳ ಸಂವಿಧಾನ ಪೀಠ ಭವಿಷ್ಯದ ಏರಿಕೆಗೆ ದರ ನಿಗದಿ ಮಾಡ್ತು. ಖಾಯಂ ನೌಕರಿ ಇರೋ 40ರೊಳಗಿನೋರಿಗೆ 50 ಪರ್ಸೆಂಟ್, ಸ್ವಂತ ಉದ್ಯೋಗದೋರಿಗೆ 40. ಹಾಗಾಗಿ ಈ ಕೇಸನ್ನ ಇವತ್ತು ಅದೇ ಅಂಕಿಗಳಿಂದ ಲೆಕ್ಕ ಹಾಕಿದ್ರೆ 16,70,760 ಬರುತ್ತೆ, ಸುಮಾರು 1,20,000 ಕಮ್ಮಿ. ಸ್ವಂತ ದುಡಿಯೋರಿಗೂ ಸಿಗ್ಬೇಕು ಅಂತ ಗಟ್ಟಿ ಮಾಡಿದ್ದು ಒಳ್ಳೇದೇ, ಆದ್ರೆ ತರಕಾರಿ ಮಾರೋನ ಭವಿಷ್ಯ ಗುಮಾಸ್ತನ ಭವಿಷ್ಯಕ್ಕಿಂತ ಹತ್ತು ಪರ್ಸೆಂಟ್ ಕಮ್ಮಿ ಯಾಕೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಈ ಏರಿಕೆ ಸತ್ತೋರ ಕೇಸಿಗೆ ಮಾತ್ರ, ಗಾಯದ ಕೇಸಿಗೆ ಇಲ್ಲ ಅಂತ ಕಂಪನಿಗಳು ಸುಮಾರು ದಿನ ವಾದ ಮಾಡಿದ್ವು. 2020ರ ಸೆಪ್ಟೆಂಬರ್‌ನಲ್ಲಿ ಅದೂ ಮುಗೀತು, ಬಲಗೈ ಕಳ್ಕೊಂಡ ದಿಲ್ಲಿಯ ಒಬ್ಬ ಟೈಪಿಸ್ಟ್ ಹುಡುಗನ ಕೇಸಲ್ಲಿ, ಶಾಶ್ವತ ಊನ ಆದೋರಿಗೂ ಇದು ಸೇರುತ್ತೆ ಅಂತ.

ಈ ತೀರ್ಪು ಬಂದ್ಮೇಲೆ ಎಲ್ಲ ಸರಿಹೋಯ್ತಾ ಅಂದ್ರೆ, ಇಲ್ಲ. ದಾಖಲೆ ಇಲ್ಲ ಅಂದ್ರೆ ಈಗ ಕರ್ನಾಟಕದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಲೋಕ್ ಅದಾಲತ್‌ಗೆ ಅಂತ ಮಾಡಿರೋ ಚಾರ್ಟ್ ನೋಡ್ತಾರೆ, ಅಪಘಾತ ಆದ ವರ್ಷಕ್ಕೆ ಇಷ್ಟು ಅಂತ ಒಂದು ಕಾಲ್ಪನಿಕ ಆದಾಯ. 3,500 ಕಾಲದ ಊಹೆಗಿಂತ ಇದು ಎಷ್ಟೋ ವಾಸಿ, ಒಂದು ಕೋರ್ಟ್ ಹಾಲಲ್ಲಿ ಒಂದು ರೇಟು ಪಕ್ಕದ ಹಾಲಲ್ಲಿ ಇನ್ನೊಂದು ರೇಟು ಅನ್ನೋದು ತಪ್ಪಿದೆ. ಆದ್ರೆ ಚಾರ್ಟ್ ಇರೋದು ಕನಿಷ್ಠ ಆಸರೆಗೆ. ಅದೇ ಗರಿಷ್ಠ ಆಗ್ಬಿಟ್ಟಿದೆ. ಹತ್ತು ವರ್ಷ ಅನುಭವ ಇರೋ ವೆಲ್ಡರ್ರೂ ಅಷ್ಟೇ, ನಿನ್ನೆ ಕೆಲ್ಸಕ್ಕೆ ಸೇರಿದ ಹೆಲ್ಪರ್ರೂ ಅಷ್ಟೇ. ನಮ್ಮ ಕಡೆ ವಕೀಲರೂ ಚಾರ್ಟ್ ಇದೆಯಲ್ಲ ಅಂತ ಆದಾಯದ ಬಗ್ಗೆ ಸಾಕ್ಷಿ ಹಾಕೋದೇ ಬಿಟ್ಟಿದ್ದಾರೆ.

ಹಾಕೋಕೆ ಈಗ ಮುಂಚೆಗಿಂತ ಜಾಸ್ತಿ ಸಿಗುತ್ತೆ. 2008ರಲ್ಲಿ ಗಾಡಿಯೋನ ಹತ್ರ ಏನಿತ್ತು? ಈಗ ಗಾಡಿ ಮೇಲೆ ಕ್ಯೂಆರ್ ಕೋಡ್ ಇದೆ, ದಿನಾ ಬಂದ ಹತ್ತು ಇಪ್ಪತ್ತು ರೂಪಾಯಿಗಳೆಲ್ಲ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಸಾಲಾಗಿ ನಿಂತಿರುತ್ತೆ, ಅಪಘಾತದ ದಿನಕ್ಕೆ ಆ ಸಾಲು ತಟ್ಟಂತ ನಿಂತುಹೋಗುತ್ತೆ. ಅದಕ್ಕಿಂತ ಒಳ್ಳೆ ಸಾಕ್ಷಿ ಯಾವುದಿದೆ? ಕ್ಯಾಶ್ ವ್ಯಾಪಾರ ಅದರಲ್ಲಿ ಬರಲ್ಲ ನಿಜ, ಅದು ವಹಿವಾಟೇ ಹೊರತು ಲಾಭ ಅಲ್ಲ ಅಂತ ಕಂಪನಿಯೋರು ಹೇಳೋದೂ ನಿಜ, ಆದ್ರೂ ಏನೂ ಇಲ್ಲ ಅನ್ನೋದಕ್ಕಿಂತ ನೂರು ಪಾಲು ಮೇಲು. ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು ಇದೇ 2014ರಲ್ಲಿ, ಅದರ ಪ್ರಕಾರ ಕೊಡೋ ಸರ್ಟಿಫಿಕೇಟು, 2020ರಿಂದ ಬಂದ ಪಿಎಂ ಸ್ವನಿಧಿ ಸಾಲದ ಕಾಗದ, ಇ-ಶ್ರಮ್ ಕಾರ್ಡು, ಮಂಡಿ ಕಮಿಷನ್ ಏಜೆಂಟ್ ಕೊಡೋ ಬಿಳಿ ಚೀಟಿ, ಮನೆ ಬಾಡಿಗೆ ಮಕ್ಕಳ ಸ್ಕೂಲ್ ಫೀಸಿನ ರಶೀದಿ, ಚೀಟಿ ದುಡ್ಡು ಕಟ್ಟಿದ ಪುಸ್ತಕ. ತಿಂಗಳಿಗೆ 5,000 ಬಾಡಿಗೆ ಕಟ್ಟೋನು 6,000 ದುಡಿದು ಬದುಕೋಕಾಗುತ್ತಾ ಅಂತ ಯಾವ ಜಡ್ಜ್‌ಗೂ ಕೇಳ್ಬೋದು. ಪಕ್ಕದ ಅಂಗಡಿಯೋನೋ ಮಂಡಿಯೋನೋ ಒಬ್ಬ ಬಂದು ಇವನು ದಿನಾ ಇಷ್ಟು ಮಾಲು ಎತ್ತುತ್ತಿದ್ದ ಅಂತ ಸಾಕ್ಷಿ ಹೇಳಿದ್ರೆ ಇನ್ನೂ ಗಟ್ಟಿ, ಆದ್ರೆ ಯಾರೂ ಕರ್ಕೊಂಡು ಬರಲ್ಲ, ಒಂದು ದಿನದ ವ್ಯಾಪಾರ ಬಿಟ್ಟು ಕೋರ್ಟಿಗೆ ಬರೋ ಮನಸ್ಸು ಎಲ್ರಿಗೂ ಇರಲ್ಲ ಬಿಡಿ.

ಡಾಕ್ಟರ್ ವಿಷಯದಲ್ಲೂ ಅಷ್ಟೇ, ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಹೇಳೋದು ಬೇರೆ ತೂಕ. ಬರೋಕೆ ಅವರಿಗೆ ಟೈಮಿಲ್ಲ ಅಂದ್ರೆ ಕಮಿಷನರ್ ನೇಮಿಸಿ ಆಸ್ಪತ್ರೇಲೇ ಸಾಕ್ಷಿ ತಗೊಳ್ಳೋಕೆ ಅವಕಾಶ ಇದೆ. ಡಾಕ್ಟರಿಗೆ ಕೇಳ್ಬೇಕಾದ್ದು ಬರೀ ಎಷ್ಟು ಪರ್ಸೆಂಟ್ ಅಂತಲ್ಲ. ಇವನು ಮೂಟೆ ಹೊರೋಕಾಗುತ್ತಾ, ಒಂದು ಗಂಟೆ ನಿಲ್ಲೋಕಾಗುತ್ತಾ, ಕುಕ್ಕರಗಾಲಲ್ಲಿ ಕೂತು ಏಳೋಕಾಗುತ್ತಾ, ಕೃತಕ ಕಾಲು ಎಷ್ಟು ವರ್ಷಕ್ಕೆ ಬದಲಾಯಿಸ್ಬೇಕು, ಇವತ್ತಿನ ರೇಟಲ್ಲಿ ಎಷ್ಟಾಗುತ್ತೆ. ಪರ್ಸೆಂಟು ಜಡ್ಜ್ ಹಾಕ್ಕೋತಾರೆ, ಕೆಲ್ಸದ ಬಗ್ಗೆ ಹೇಳೋಕೆ ಡಾಕ್ಟರೇ ಬೇಕು.

ಟೈಮಿನ ವಿಚಾರ ಒಂದು ಹೇಳ್ಲೇಬೇಕು. ಈ ಹುಡುಗನಿಗೆ ಅಪಘಾತದಿಂದ ಕೊನೆ ತೀರ್ಪಿಗೆ ಸುಮಾರು ಆರು ವರ್ಷ. ಅವನು 30ರ ಹತ್ರ ಬಂದಿದ್ದ. ಅಷ್ಟು ವರ್ಷಕ್ಕೆ ಬಡ್ಡಿ ಇರುತ್ತೆ ಅನ್ನೋದೇ ಸಮಾಧಾನ, ಅದ್ರಲ್ಲೂ ಆರು ಪರ್ಸೆಂಟ್ ಕೊಡ್ತಾರಾ ಒಂಬತ್ತು ಕೊಡ್ತಾರಾ ಅನ್ನೋದು ದೊಡ್ಡ ಪ್ರಶ್ನೆ, 10 ಲಕ್ಷಕ್ಕೆ ಆರು ವರ್ಷದಲ್ಲಿ ಸರಳ ಬಡ್ಡಿಯಲ್ಲೇ 1,80,000 ವ್ಯತ್ಯಾಸ. ಆಗ ಅರ್ಜಿ ಹಾಕೋಕೆ ಕಾಲಮಿತಿ ಇರ್ಲಿಲ್ಲ, ಈಗ 2019ರ ತಿದ್ದುಪಡಿಯಿಂದ, 2022ರ ಏಪ್ರಿಲ್ 1ರಿಂದ ಜಾರಿಯಾಗಿ, ಅಪಘಾತ ಆಗಿ ಆರು ತಿಂಗಳೊಳಗೆ ಹಾಕ್ಬೇಕು ಅಂತ ಬಂದಿದೆ. ಇದನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದ್ದಾರೆ, ಅದೇನಾಗುತ್ತೋ ಆಗ್ಲಿ, ಕಾಲು ಕತ್ತರಿಸಿಕೊಂಡು ಮಲಗಿರೋನ ಮನೆಯೋರು ಅದನ್ನ ನಂಬ್ಕೊಂಡು ಕೂರೋದು ಬೇಡ, ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್ ಕಾಪಿ ತಗೊಂಡು ಆರು ತಿಂಗಳೊಳಗೇ ಹಾಕ್ಬಿಡಿ. ಹಾಗೇ ಬರೋ ದುಡ್ಡಲ್ಲಿ ಇಷ್ಟು ಪರ್ಸೆಂಟ್ ನಮಗೆ ಅಂತ ಮೊದ್ಲೇ ಮಾತಾಡ್ಕೊಳ್ಳೋದು ಬಾರ್ ಕೌನ್ಸಿಲ್ ನಿಯಮದಲ್ಲಿ ನಿಷಿದ್ಧ, ನಡೆಯುತ್ತೆ ಅನ್ನೋದು ಎಲ್ರಿಗೂ ಗೊತ್ತು, ಖಾಲಿ ಪೇಪರಿಗೆ ಮಾತ್ರ ಸಹಿ ಹಾಕ್ಬೇಡಿ.

ಲೋಕ್ ಅದಾಲತ್‌ನಲ್ಲಿ ಕಂಪನಿಯೋರು ಒಂದು ಮೊತ್ತ ಹೇಳಿ ಇವತ್ತೇ ಮುಗಿಸೋಣ ಅಂದಾಗ ಒಪ್ಪೋದು ತಪ್ಪಲ್ಲ, ಆರು ವರ್ಷ ಕಾಯೋದಕ್ಕಿಂತ ಎಷ್ಟೋ ಸಲ ಅದೇ ಮೇಲು. ಒಪ್ಪೋ ಮುಂಚೆ ಒಂದು ಕಾಗದ ತಗೊಂಡು ಆ ಮೊತ್ತ ಹೇಗೆ ಬಂತು ಅಂತ ಬಿಡಿಸಿ ಕೇಳಿ, ಆದಾಯ ಎಷ್ಟು ಹಿಡಿದ್ರಿ, ಏರಿಕೆ ಸೇರಿಸಿದ್ರಾ, ಗುಣಕ ಎಷ್ಟು, ಊನ ಎಷ್ಟು, ಅದು ಕಾಲಿನ ಊನನಾ ಕೆಲ್ಸದ ನಷ್ಟನಾ. ಬಾಯಲ್ಲಿ ಹೇಳಿದ್ರೆ ಸಾಲದು, ಒಂದೊಂದು ಅಂಕಿನೂ ಬರೆಸ್ಕೊಳ್ಳಿ. ಊನದ ಜಾಗದಲ್ಲಿ ಆ ಮೂರನೇ ಒಂದು ಭಾಗ ಮಾತ್ರ ಬರೆದಿದ್ರೆ ಅಲ್ಲೇ ನಿಲ್ಲಿಸಿ ಈ ತರಕಾರಿ ವ್ಯಾಪಾರಿ ತೀರ್ಪು ತೋರ್ಸಿ.